ದೇವರ ಚಿತ್ತಕ್ಕೆ ನನ್ನ ಆಕ್ಷೇಪಣೆ

ನಮ್ಮ ಸಭೆಯಲ್ಲಿ ಮದುವೆ ಗೊತ್ತಾದರೆ ಅದನ್ನು ಮೂರು ಭಾನುವಾರ ಆರಾಧನೆಯ ನಡುವೆ ಓದಿ ಹೇಳುವ ಪದ್ಧತಿ. ಇಂಥವರ ಮಗ ಇಂಥವನು, ಇಂಥವರ ಮಗಳು ಇಂಥವಳು, ಇವರಿಬ್ಬರಿಗೂ ಮದುವೆ. ಯಾರಿಗಾದರೂ ನ್ಯಾಯವಾದ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಬೇಕು ಎಂದು ಅಯ್ಯನವರು ಹೇಳುತ್ತಾರೆ. ಪಾದ್ರಿಗಳನ್ನು ನಾವು ಕರೆಯುವುದು ಅಯ್ಯನವರು ಎಂದೇ. ಹೇಳಿದ ಮೇಲೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ಯಾರೋ ಕೆಮ್ಮುತ್ತಾರೆ, ಯಾವುದೋ ಮಗು ರಚ್ಚೆ ಹಿಡಿಯುತ್ತದೆ, ಹಿಂದಿನ ಬೆಂಚಿನಲ್ಲಿ ಕೊಡೆ ಬೀಳುತ್ತದೆ. ಆಕ್ಷೇಪಣೆ ಮಾತ್ರ ಬರುವುದಿಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ಬಂದಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ ಬಂತು. ಎದ್ದು ನಿಂತವಳು ಮದುವೆಯ ಹುಡುಗಿಯೇ. ಆ ಹುಡುಗಿ ನಾನು.

ನಾವಿದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಅಕ್ಕಿಪೇಟೆಯ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಸ್ಟೇಷನ್ನಿಗೆ ನಡೆದೇ ಹೋಗಿಬರುತ್ತಿದ್ದರು. ಸಭೆಯ ಹಿರಿಯರಲ್ಲಿ ಒಬ್ಬರು, ಹಾಗಾಗಿ ಭಾನುವಾರ ಮುಂದಿನ ಸಾಲಿನಲ್ಲಿ ಕೂರುವ ಹಕ್ಕಿತ್ತು. ಅಮ್ಮನಿಗೆ ಮನೆ, ಹೆಂಗಸರ ಸಂಘ ಮತ್ತು ಬೀದಿಯಲ್ಲಿ ಯಾರು ಹೆತ್ತರೂ ಅವರ ಬಾಣಂತನ. ನಾನು ಒಬ್ಬಳೇ ಮಗಳು. ಬಸವನಗುಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಶಾಲೆಯಲ್ಲೂ ಹೇಳುತ್ತಿದ್ದರು, ಮನೆಯಲ್ಲೂ ಹೇಳುತ್ತಿದ್ದರು. ಎರಡೂ ಕಡೆಯವರು ಮಾತಾಡಿಕೊಂಡು ಹೇಳುತ್ತಿದ್ದದ್ದಲ್ಲವಾದ್ದರಿಂದ ನಿಜವೇ ಇರಬೇಕು.

ಅಪ್ಪನಿಗೆ ಒಂದು ಗಟ್ಟಿ ನಂಬಿಕೆಯಿತ್ತು. ಲೋಕಕ್ಕೆ ಅಸ್ತಿವಾರ ಹಾಕುವ ಮೊದಲೇ ದೇವರು ಎಲ್ಲವನ್ನೂ ಗೊತ್ತುಮಾಡಿದ್ದಾನೆ. ಯಾರು ಯಾರವರು, ಯಾರಿಗೆ ಏನು, ಎಲ್ಲಿ, ಯಾವಾಗ, ಎಲ್ಲ. ಪೂರ್ವನೇಮಕ ಎಂಬುದು ಅವರು ಬಳಸುತ್ತಿದ್ದ ಮಾತು. ಭಾನುವಾರ ಮಧ್ಯಾಹ್ನ ಕೋಳಿ ಸಾರಿನ ಜೊತೆ ನಮಗೆ ಪೂರ್ವನೇಮಕವೂ ಬಡಿಸಲ್ಪಡುತ್ತಿತ್ತು. ಅಮ್ಮ ಸುಮ್ಮನೆ ತಿನ್ನುವವಳಲ್ಲ.

"ರೈಲು ಹೊರಡೋ ಹೊತ್ತು ಮೊದ್ಲೇ ಗೊತ್ತಾಗಿರತ್ತೆ. ನಾವು ಪ್ಲಾಟ್‌ಫಾರ್ಮಲ್ಲಿ ನಿಂತು ಬೇಡ ಅಂದ್ರೆ ನಿಲ್ಲತ್ತಾ?" ಎನ್ನುತ್ತಿದ್ದರು ಅಪ್ಪ.

"ಹೊರಡೋ ಹೊತ್ತಿರ್ಲಿ. ಹತ್ತೋದು ಬಿಡೋದು ನಮ್ಮಿಷ್ಟ ತಾನೆ?"

"ಯಾರು ಹತ್ತುತ್ತಾರೆ, ಯಾರು ಬಿಡ್ತಾರೆ ಅನ್ನೋದೂ ಗೊತ್ತಾಗಿದೆ."

"ಹಾಗಾದ್ರೆ ಕರ್ತನನ್ನ ಹಿಡಿದುಕೊಟ್ಟನಲ್ಲ ಆ ಶಿಷ್ಯ, ಅವನದೇನು ತಪ್ಪು? ಪಾಪ, ಮೊದ್ಲೇ ಗೊತ್ತಾಗಿತ್ತು."

"ಗೊತ್ತಾಗಿತ್ತು. ಆದ್ರೆ ಬೆಳ್ಳಿ ನಾಣ್ಯಕ್ಕೆ ಚಾಚಿದ್ದು ಅವನ ಕೈ."

"ಆ ಕೈ ಮಾಡಿದ್ದು ಯಾರು?"

ಅಪ್ಪ ತಟ್ಟೆ ನೋಡಿಕೊಂಡು, "ಸಾರು ಹಾಕು" ಎನ್ನುತ್ತಿದ್ದರು. ವಾರವಾರವೂ ಚರ್ಚೆ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಯಾರಿಗೂ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಾನುವಾರ ಇಷ್ಟವಾಗುತ್ತಿದ್ದದ್ದೇ ಇದಕ್ಕಾಗಿ.

ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದರು. ಚಿಕ್ಕಪೇಟೆಯಲ್ಲಿ ಅವರ ಮಗನದು ಬಟ್ಟೆ ಅಂಗಡಿ. ಮನೆಗಳ ನಡುವಿನ ಮೋಟು ಗೋಡೆಗೆ ಒರಗಿ ನಿಂತು ನಮ್ಮ ಭಾನುವಾರದ ವಾದವನ್ನು ಕೇಳಿಸಿಕೊಳ್ಳುವುದು ಅವರ ಹವ್ಯಾಸ. "ನಿಮ್ಮ ಯಜಮಾನ್ರು ನಮ್ಮೋರೇ ಬಿಡಿ," ಎಂದು ಒಮ್ಮೆ ಅಮ್ಮನಿಗೆ ಹೇಳಿದರು. "ನಾವು ಹಣೆಬರಹ ಅಂತೀವಿ, ಅವರು ಅದಕ್ಕೇ ಇನ್ನೇನೋ ಉದ್ದಕ್ಕೆ ಅಂತಾರೆ." ಅಪ್ಪನಿಗೆ ಇದನ್ನು ಕೇಳಿ ರೇಗಿಹೋಯಿತು. ಹಣೆಬರಹ ಬರೆದದ್ದು ಯಾರೆಂದೇ ತಿಳಿಯದು, ಅದಕ್ಕೆ ನಮ್ಮ ಮೇಲೆ ಪ್ರೀತಿಯೂ ಇಲ್ಲ ದ್ವೇಷವೂ ಇಲ್ಲ. ನನ್ನನ್ನು ಆರಿಸಿದವನು ತಂದೆ, ಪ್ರೀತಿಯಿಂದ ಆರಿಸಿದ್ದಾನೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು ಗೋಡೆಯ ಬಳಿ ನಿಂತು ಬಹಳ ಹೊತ್ತು ವಿವರಿಸಿದರು. ಆಕೆ ಪೂರ್ತಿ ಕೇಳಿ, "ಆಯ್ತು ಬಿಡಿ, ಬರೆದೋರು ಒಳ್ಳೆಯೋರಾಗಿದ್ರೆ ಒಳ್ಳೇದೇ" ಎಂದು ಒಳಗೆ ಹೋದರು.

ಆ ವರ್ಷ ನವೆಂಬರಿನಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಾರ್ಥನೆ ಕೂಟ ನಡೆಯಿತು. ಮಲ್ಲೇಶ್ವರದಿಂದ ಗಂಡ ಹೆಂಡತಿ ಇಬ್ಬರು ಬಂದಿದ್ದರು, ಜೊತೆಗೆ ಆ ಹೆಂಗಸಿನ ತಮ್ಮ. ಬೆಳಗಿನ ಕತ್ತಲಲ್ಲೇ ಫ್ಯಾಕ್ಟರಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುವವನು, ಎತ್ತರ, ಸ್ವಲ್ಪ ಗೂನು ಹಾಕಿ ನಡೆಯುತ್ತಾನೆ. ಬಾಗಿಲ ಹತ್ತಿರ ಕೂತ. ಕೀರ್ತನೆಯನ್ನು ಜೋರಾಗಿ, ರಾಗ ತಪ್ಪಿ, ಸಂಕೋಚವಿಲ್ಲದೆ ಹಾಡಿದ. ತಿಂಡಿಯಾದ ಮೇಲೆ ಗಂಡಸರೆಲ್ಲ ತಟ್ಟೆಗಳನ್ನು ಕೂತಲ್ಲೇ ಬಿಟ್ಟೆದ್ದರೆ ಇವನು ತನ್ನದನ್ನು ತಾನೇ ಹಿತ್ತಿಲಿಗೆ ಒಯ್ದು ತೊಳೆದಿಟ್ಟ. ಇಷ್ಟು ನನ್ನ ಗಮನಕ್ಕೆ ಬಂದಿತ್ತು. ಪ್ರಾರ್ಥನೆ ಕೂಟದ ನೆಪದಲ್ಲಿ ನನ್ನನ್ನು ನೋಡಲು ಬಂದಿದ್ದಾರೆಂಬ ಅನುಮಾನವೂ ಬಂದಿತ್ತು, ನಾನೇನು ಎಳೆ ಮಗುವಲ್ಲ. ಹಾಗಿದ್ದರೆ ಇವತ್ತೋ ನಾಳೆಯೋ ಅಪ್ಪ ಕೇಳುತ್ತಾರೆ, ಆಗ ಯೋಚಿಸಿದರಾಯಿತು ಎಂದುಕೊಂಡೆ. ಯಾರೂ ಏನೂ ಕೇಳಲಿಲ್ಲ. ನಾನು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿದೆ.

ಡಿಸೆಂಬರಿನ ಮೊದಲ ಭಾನುವಾರ ಅಯ್ಯನವರು ಪ್ರಕಟಣೆ ಓದಿದರು. ಹುಡುಗಿಯ ಹೆಸರು ನನ್ನದೇ ಆಗಿತ್ತು. ನಮ್ಮಲ್ಲಿ ಆ ಹೆಸರಿನವರು ಇನ್ನೂ ಇದ್ದಾರಲ್ಲ, ಯಾರಿಗಪ್ಪಾ ಮದುವೆ ಎಂದು ಕತ್ತು ಹೊರಳಿಸಿ ನೋಡಿದೆ. ಅಷ್ಟರಲ್ಲಿ ಅಪ್ಪನ ಹೆಸರು ಬಂತು, ನಮ್ಮ ಬೀದಿ ಬಂತು. ಹೆಂಗಸರ ಸಾಲಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ಮುಗುಳ್ನಕ್ಕರು. ಮುಂದಿನ ಬೆಂಚಿನಾಕೆ ನನ್ನ ಮಂಡಿ ಹಿಸುಕಿದರು. ನಾನೂ ಹಲ್ಲು ಕಿರಿದೆ, ಆಗ ಬೇರೇನು ಮಾಡಬೇಕೆಂದು ತೋಚಲಿಲ್ಲ.

ಮನೆಗೆ ಬಂದ ಮೇಲೆ ವಿಷಯ ತಿಳಿಯಿತು. ಆ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದ್ದರು. ಅಪ್ಪ ಉಪವಾಸವಿದ್ದು ಪ್ರಾರ್ಥನೆ ಮಾಡಿದ್ದರು. ಇದೇ ದೇವರ ಚಿತ್ತ ಎಂದು ಅವರ ಮನಸ್ಸಿಗೆ ಖಚಿತವಾಗಿತ್ತು, ಸೀದಾ ಹೋಗಿ ಅಯ್ಯನವರಿಗೆ ಹೆಸರು ಕೊಟ್ಟು ಬಂದಿದ್ದರು. ನನ್ನನ್ನು ಅಮ್ಮ ಕೇಳಿರುತ್ತಾಳೆಂದು ಅಪ್ಪ, ಅಪ್ಪನೇ ಕೇಳಿದ್ದಾರೆಂದು ಅಮ್ಮ. ಅಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು. ಅಪ್ಪನಿಗೆ ಅದೊಂದು ದೊಡ್ಡ ವಿಷಯ ಎಂದೇ ಅನಿಸಲಿಲ್ಲ.

"ಪ್ರಾರ್ಥನೆ ಮಾಡ್ದೆ, ಮನಸ್ಸಿಗೆ ಸಮಾಧಾನ ಸಿಕ್ತು," ಅಂದರು.

"ನಿಮ್ಮ ಮನಸ್ಸಿಗೆ ಸಿಕ್ತು. ಮದುವೆ ಆಗ್ಬೇಕಾದೋಳು ನಾನು."

"ದೇವರು ಗೊತ್ತುಮಾಡಿದ ಮೇಲೆ ಕೇಳೋದೇನಿದೆ? ಈಗೇನು, ಬೇಡ ಅಂತೀಯಾ?"

"ಬೇಡ ಅಂತಿಲ್ಲ. ಕೇಳಿ ಅಂತಿದೀನಿ."

"ಕೇಳಿದ್ರೆ ಏನು ಹೇಳ್ತೀಯಾ?"

"ಕೇಳಿದ ಮೇಲೆ ಹೇಳ್ತೀನಿ."

ಆ ವಾರವೆಲ್ಲ ಇದೇ ನಡೆಯಿತು. ಹುಡುಗ ಕೆಟ್ಟವನು ಎಂದು ನಾನು ಹೇಳುವಂತಿರಲಿಲ್ಲ, ಅವನಲ್ಲಿ ಕೆಟ್ಟದ್ದೇನೂ ನನಗೆ ಕಂಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ಅಪ್ಪ ನನ್ನ ಮುಂದೆ ನಿಂತು, ನಿನಗೆ ಇಷ್ಟವೇ ಎಂದು ಕೇಳಬೇಕು, ಇಲ್ಲ ಎಂದರೆ ಇಲ್ಲ ಎಂದು ತೆಗೆದುಕೊಳ್ಳಲು ಸಿದ್ಧರಿರಬೇಕು. ಬೇಡ ಅಂತೀಯಾ ಎನ್ನುವುದು ಕೇಳಿದ ಹಾಗಲ್ಲ, ಗದರಿದ ಹಾಗೆ. ಅಪ್ಪನಿಗೋ ಅದು ಸಾಧ್ಯವೇ ಇರಲಿಲ್ಲ. ಹಾಗೆ ಕೇಳಿದರೆ ದೇವರು ಗೊತ್ತುಮಾಡಿದ್ದನ್ನು ಮಗಳು ಅಳಿಸಬಹುದು ಎಂದು ಒಪ್ಪಿಕೊಂಡಂತೆ. ಲೆಕ್ಕದ ಪುಸ್ತಕದ ಹಿಂದೆ ಉತ್ತರ ಅಚ್ಚಾಗಿದ್ದರೂ ಹುಡುಗಿಯರು ಲೆಕ್ಕ ಮಾಡಲೇಬೇಕು, ಉತ್ತರ ಮಾತ್ರ ಬರೆದರೆ ನಾನು ಸೊನ್ನೆ ಕೊಡುತ್ತೇನೆ ಎಂದು ಅವರಿಗೆ ಹೇಳಿನೋಡಿದೆ. "ಲೆಕ್ಕ ಮಾಡು, ಯಾರು ಬೇಡ ಅಂದ್ರು? ಅದೇ ಉತ್ತರ ಬರತ್ತೆ," ಅಂದರು. ನನಗೆ ಮೈಯೆಲ್ಲ ಉರಿಯಿತು.

ಎರಡನೆಯ ಭಾನುವಾರ ಬಂತು. ಎದ್ದು ನಿಲ್ಲಬೇಕೆಂದು ನಾನು ಮನೆಯಿಂದ ಯೋಚಿಸಿಕೊಂಡು ಹೋಗಿರಲಿಲ್ಲ. ಅಯ್ಯನವರು ಪ್ರಕಟಣೆ ಓದಿದರು, ಆಕ್ಷೇಪಣೆ ಇದ್ದರೆ ತಿಳಿಸಿ ಅಂದರು, ಎಂದಿನಂತೆ ಉಸಿರು ಎಳೆದುಕೊಂಡರು. ಅವರು ಉಸಿರು ಬಿಡುವುದರೊಳಗೆ ನಾನು ನಿಂತಿದ್ದೆ.

"ನನ್ನದೊಂದು ಆಕ್ಷೇಪಣೆ ಇದೆ," ಅಂದೆ. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವಂಥ ದನಿ ನನ್ನದು, ಅಲ್ಲೂ ಚೆನ್ನಾಗಿಯೇ ಮುಟ್ಟಿತು.

ಅಯ್ಯನವರಿಗೆ ಇಂಥದ್ದು ಮೊದಲ ಅನುಭವ. ಆಕ್ಷೇಪಣೆ ಬಂದರೆ ಮುಂದೆ ಏನು ಹೇಳಬೇಕೆಂದು ತಮ್ಮ ಕೈಯಲ್ಲಿದ್ದ ಪುಸ್ತಕದಲ್ಲಿ ಹುಡುಕಿದರು. ಸಿಗಲಿಲ್ಲ. ಕನ್ನಡಕ ಎತ್ತಿ, "ಏನಮ್ಮಾ?" ಅಂದರು.

"ಹುಡುಗಿಯನ್ನ ಯಾರೂ ಕೇಳಿಲ್ಲ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಆರ್ಗನ್ ಬಾರಿಸುವ ಮುದುಕರಿಗೆ ಕಿವಿ ಮಂದ. ಪ್ರಕಟಣೆ ಮುಗಿಯಿತೆಂದುಕೊಂಡು ಕೀರ್ತನೆ ಶುರುಮಾಡಿಯೇಬಿಟ್ಟರು. ಎಲ್ಲರೂ ಎದ್ದು ನಿಂತು ನಗು ತಡೆದುಕೊಂಡು ಹಾಡಿದರು. ಮುಂದಿನ ಸಾಲಿನಲ್ಲಿ ಅಪ್ಪನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವರು ಹಾಡುತ್ತಿರಲಿಲ್ಲ. ಅವರ ಕಿವಿ ಕೆಂಪಗಾಗಿದ್ದದ್ದು ಹಿಂದಿನಿಂದಲೂ ತಿಳಿಯುತ್ತಿತ್ತು. ಅದನ್ನು ನೋಡಿ ಪಾಪ ಅನಿಸಿತು, ಆದರೂ ಎದ್ದದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಅಪ್ಪನನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು. ಶನಿವಾರ ಸಂಜೆಯೊಳಗೆ ಹುಡುಗಿ ಒಪ್ಪಿದ್ದಾಳೆಂದು ತಿಳಿಸಿದರೆ ಮೂರನೆಯ ಸಲ ಓದುತ್ತೇನೆ, ಇಲ್ಲದಿದ್ದರೆ ಓದುವುದಿಲ್ಲ, ಓದದಿದ್ದರೆ ಮದುವೆಯಿಲ್ಲ ಎಂದರು. ಅಪ್ಪ ತಲೆಯಾಡಿಸಿ ನಡೆದುಬಿಟ್ಟರು. ಮನೆಯವರೆಗೂ ನಮಗಿಂತ ಹತ್ತು ಮಾರು ಮುಂದೆಯೇ ಇದ್ದರು. ಕೋಳಿ ಸಾರಿನ ಮುಂದೆ ಅವತ್ತು ಪೂರ್ವನೇಮಕದ ಮಾತು ಬರಲಿಲ್ಲ. ಮೋಟು ಗೋಡೆಯಾಚೆಯಿಂದ, "ಇವತ್ತೇನು, ಪಾಠ ಇಲ್ವಾ?" ಎಂಬ ಪ್ರಶ್ನೆ ಬಂತು. ಅಮ್ಮ ಹೋಗಿ ಎಲ್ಲ ಹೇಳಿದಳು. "ಅಯ್ಯೋ, ನಿಮ್ಮಲ್ಲಿ ಜಾತಕ ನೋಡಲ್ಲ, ಒಪ್ಪಿದೆ. ಹುಡುಗಿ ಮುಖಾನೂ ನೋಡಲ್ವಾ?" ಎಂದು ಆಕೆ ಕೂಗಿದ್ದು ಅಪ್ಪನಿಗೂ ಕೇಳಿಸಿತು.

ಬುಧವಾರ ಸಂಜೆ ಅಯ್ಯನವರು ತಾವೇ ಮನೆಗೆ ಬಂದರು. ಅಮ್ಮ ಕ್ರಿಸ್ಮಸ್ಸಿಗೆಂದು ಚಕ್ಕುಲಿ ಕರಿಯುತ್ತಿದ್ದಳು. ಅಯ್ಯನವರು ಗುಂಡು ಗುಂಡಾಗಿದ್ದರು. ಚಕ್ಕುಲಿ ತಟ್ಟೆಯನ್ನು ಅವರಿಂದ ದೂರ ಇಡಬೇಕೆಂಬುದು ಅವರ ಹೆಂಡತಿ ಸಭೆಗೆಲ್ಲ ಕೊಟ್ಟಿದ್ದ ಕಟ್ಟಪ್ಪಣೆ. ಆದರೂ ಅಮ್ಮ ಹತ್ತಿರವೇ ಇಟ್ಟಳು.

ಅಪ್ಪ ನೇರವಾಗಿ ಶುರುಮಾಡಿದರು. "ಅಯ್ಯನವ್ರೇ, ಲೋಕ ಹುಟ್ಟೋಕೆ ಮುಂಚೇನೇ ದೇವರು ನಮ್ಮನ್ನ ಆರಿಸಿಕೊಂಡಿದಾನೆ ಅನ್ನೋದು ನಿಜಾನೋ ಸುಳ್ಳೋ?"

"ನಿಜ," ಅಂದರು ಅಯ್ಯನವರು.

ನಾನು ಬಿಡಲಿಲ್ಲ. "ಬಾಗಿಲ ಹೊರಗೆ ನಿಂತು ತಟ್ತಾ ಇದೀನಿ, ತೆಗೆದ್ರೆ ಒಳಗೆ ಬರ್ತೀನಿ ಅಂತ ಕರ್ತನೇ ಹೇಳಿರೋದಲ್ವಾ?"

"ಅದೂ ನಿಜ."

"ಎರಡೂ ಹೇಗೆ ನಿಜ ಆಗತ್ತೆ?" ಅಂದಳು ಅಮ್ಮ, ಬಾಣಲೆಯ ಮುಂದಿನಿಂದ.

ಅಯ್ಯನವರು ಚಕ್ಕುಲಿ ಮುರಿಯುತ್ತ, "ಅದು ಗೊತ್ತಿದ್ದಿದ್ರೆ ಇಷ್ಟೊತ್ತಿಗೆ ನನ್ನನ್ನ ಬಿಷಪ್ ಮಾಡಿರೋರು," ಅಂದರು. ಅಪ್ಪನೂ ನಕ್ಕುಬಿಟ್ಟರು, ನಾಲ್ಕು ದಿನಗಳಲ್ಲಿ ಅದೇ ಮೊದಲು. ಆಮೇಲೆ ಅಯ್ಯನವರು ತಮಗೆ ತಿಳಿದಷ್ಟನ್ನು ಹೇಳಿದರು. ಹಿಂದಿನಿಂದಲೂ ದೊಡ್ಡ ದೊಡ್ಡ ಭಕ್ತರು ಈ ಕಡೆಯೂ ಇದ್ದಾರೆ, ಆ ಕಡೆಯೂ ಇದ್ದಾರೆ. ಒಬ್ಬರು ದೇವರ ದೊಡ್ಡತನಕ್ಕೆ ಕುಂದು ಬರಬಾರದೆಂದು ಹೇಳುತ್ತಾರೆ, ಇನ್ನೊಬ್ಬರು ದೇವರ ನ್ಯಾಯಕ್ಕೆ ಕುಂದು ಬರಬಾರದೆಂದು ಹೇಳುತ್ತಾರೆ. ಇಬ್ಬರಿಗೂ ಪ್ರೀತಿ ಅವನ ಮೇಲೆಯೇ. ದೇವರು ಕಾಲದ ಆಚೆ ಇದ್ದಾನೆ, ನಮ್ಮ ನಾಳೆ ಅವನಿಗೆ ಈಗಲೇ ಎದುರಿಗಿದೆ. ಅವನಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ನಮ್ಮ ಕೈ ಕಟ್ಟಿದಂತಾಗಲಿಲ್ಲ ಎಂದರು. ಅಪ್ಪ ಒಪ್ಪಲಿಲ್ಲ. ಕಾಣುವುದು ಬೇರೆ, ಗೊತ್ತುಮಾಡುವುದು ಬೇರೆ, ಬರೀ ನೋಡುತ್ತ ಕೂತವನು ದೇವರಲ್ಲ ಎಂದರು. ಆ ಮಾತಿನಲ್ಲೂ ಹುರುಳಿತ್ತು, ನನಗೇ ಅನಿಸಿತು.

ಅಷ್ಟರಲ್ಲಿ ಅಮ್ಮ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ನಾನು ಓದ್ದೋಳಲ್ಲ. ಒಂದು ಮಾತು ಕೇಳ್ತೀನಿ. ಕರ್ತನ ತಾಯಿ ಹತ್ರ ದೇವದೂತ ಬಂದ. ಮಗು ಹುಟ್ಟತ್ತೆ ಅಂತ ಹೇಳ್ದ. ಅದು ಯಾವತ್ತೋ ಗೊತ್ತಾಗಿದ್ದ ವಿಷ್ಯ ತಾನೆ?"

"ಯುಗಗಳ ಮುಂಚೇನೇ," ಅಂದರು ಅಪ್ಪ.

"ಹೇಳಿದ ತಕ್ಷಣ ಹೊರಟುಹೋದ್ನಾ? ಇಲ್ಲ. ಆ ಹುಡುಗಿ, ಅದು ಹೇಗಾಗತ್ತೆ ಅಂತ ಕೇಳಿದ್ಲು. ಅವನು ನಿಂತು ಉತ್ರ ಕೊಟ್ಟ. ಆಮೇಲೂ ನಿಂತಿದ್ದ. ಅವಳ ಬಾಯಲ್ಲಿ ಆಗಲಿ ಅನ್ನೋ ಮಾತು ಬಂತು ನೋಡಿ, ಆಮೇಲೆ ಹೋದ. ಬರೆದಿರೋದೇ ಹಾಗೆ. ದೇವರಿಗೇ ಇಲ್ಲದ ಅವಸರ ನಿಮಗ್ಯಾಕೆ?"

ಅಯ್ಯನವರ ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ಉಳಿಯಿತು. ಅಪ್ಪ ಸಾರು ಹಾಕು ಎನ್ನಲು ಅದು ಊಟದ ಹೊತ್ತೂ ಆಗಿರಲಿಲ್ಲ. ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಗೆದ್ದೆನೆಂದು ನಾನು ಬೀಗಿದೆ. ಮರುದಿನ ಅಮ್ಮ ನನ್ನನ್ನು ಇಳಿಸಿದಳು. ಅಪ್ಪನಿಗೆ ಅಪ್ಪ ಅಮ್ಮ ಇರಲಿಲ್ಲ, ಚಿಕ್ಕಪ್ಪ ಮಿಷನ್ನಿನ ಬೋರ್ಡಿಂಗಿಗೆ ಸೇರಿಸಿದರು, ಇಷ್ಟು ನನಗೆ ಮೊದಲೇ ತಿಳಿದಿತ್ತು. ಚಿಕ್ಕಪ್ಪ ಸೇರಿಸಿದ್ದಲ್ಲ, ಗೇಟಿನ ಹತ್ತಿರ ಕೂರಿಸಿ ಈಗ ಬರುತ್ತೇನೆಂದು ಹೇಳಿ ಹೋದವರು ಮತ್ತೆ ಬರಲಿಲ್ಲ ಎಂಬುದನ್ನು ಅವತ್ತು ಕೇಳಿದೆ.

"ಅಲ್ಲಿದ್ದ ಟೀಚರಮ್ಮ ಒಬ್ರು ಇವರಿಗೆ ಹೇಳಿದ್ರಂತೆ. ನಿನ್ನನ್ನ ಯಾರೂ ಬಿಟ್ಟುಹೋಗಿಲ್ಲ ಮಗು, ಲೋಕ ಹುಟ್ಟೋಕೆ ಮುಂಚೇನೇ ದೇವರು ನಿನ್ನನ್ನ ಆರಿಸಿಕೊಂಡು ಇಲ್ಲಿಗೆ ಕರೆಸಿಕೊಂಡಿದಾನೆ ಅಂತ," ಎಂದಳು ಅಮ್ಮ. "ಅದನ್ನ ಹಿಡಿದುಕೊಂಡೇ ಬೆಳೆದೋರು ಅವರು. ನಾನು ಎಷ್ಟು ರೇಗಿಸಿದ್ರೂ ಅದನ್ನ ಕಿತ್ಕೊಳೋಕೆ ಹೋಗಿಲ್ಲ. ನೀನೂ ಹೋಗ್ಬೇಡ."

ಇಷ್ಟು ವರ್ಷ ಭಾನುವಾರದ ವಾದವೆಂದು ನಾನು ಚಪ್ಪರಿಸಿದ್ದು ಅಪ್ಪನಿಗೆ ವಾದವೇ ಆಗಿರಲಿಲ್ಲ. ಮನುಷ್ಯರು ತಮ್ಮಿಷ್ಟಕ್ಕೆ ಏನು ಬೇಕಾದರೂ ಆರಿಸಿಕೊಳ್ಳಬಹುದು ಎಂದಾದರೆ ಚಿಕ್ಕಪ್ಪ ಅವರನ್ನು ಬಿಟ್ಟುಹೋದದ್ದು ಬರೀ ಬಿಟ್ಟುಹೋದದ್ದೇ ಆಗುತ್ತದೆ. ನಾನು ಕೇಳುತ್ತಿದ್ದದ್ದು ಸಣ್ಣದಲ್ಲ ಎಂದು ಆಗ ತಿಳಿಯಿತು. ಆದರೂ ಅದು ನನಗೆ ಬೇಕೇ ಬೇಕಿತ್ತು.

ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಆ ಹುಡುಗ ಗೇಟಿನ ಹೊರಗೆ ನಿಂತಿದ್ದ. ಫ್ಯಾಕ್ಟರಿಯ ಖಾಕಿ ಬಟ್ಟೆ, ಕೈಯಲ್ಲಿ ಊಟದ ಡಬ್ಬಿ. ಅವನ ಪಕ್ಕದಲ್ಲಿ ನಮ್ಮ ಪಕ್ಕದ ಮನೆಯಾಕೆ! ಮೊದಲು ಮನೆಗೆ ಹೋಗಿ ಅಮ್ಮನ ಅನುಮತಿ ಕೇಳಿದ್ದನಂತೆ. ಒಬ್ಬನೇ ಹೋಗಬಾರದು ಎಂದು ಅಮ್ಮ ಆಕೆಯನ್ನು ಜೊತೆಗೆ ಕಳಿಸಿದ್ದಳು. ಮೂವರೂ ಬಸವನಗುಡಿಯ ಕಹಳೆ ಬಂಡೆಯ ಪಾರ್ಕಿಗೆ ಹೋದೆವು. ಅವನು ಕಡಲೆಕಾಯಿ ಕೊಂಡ. ನಾವಿಬ್ಬರೂ ಒಂದು ಬಂಡೆಯ ಮೇಲೆ, ಆಕೆ ಮರ್ಯಾದೆಯ ದೂರದಲ್ಲಿ ಇನ್ನೊಂದರ ಮೇಲೆ.

"ನಾನು ನಿಮ್ಮಪ್ಪನ್ನ ಕೇಳ್ದೆ, ನಿಮ್ಮ ಮಗಳು ಒಪ್ಪಿದಾರಾ ಅಂತ," ಅಂದ ಅವನು. "ದೇವರ ಚಿತ್ತ ಅಂದ್ರು. ದೇವರೇ ಒಪ್ಪಿದ ಮೇಲೆ ನೀವೂ ಒಪ್ಪಿರ್ತೀರಿ ಅಂದ್ಕೊಂಡೆ. ತಪ್ಪಾಯ್ತು."

"ನಾನು ಚರ್ಚಲ್ಲಿ ನಿಂತಿದ್ದು ನಿಮಗೆ ಅವಮಾನ ಆಗ್ಲಿಲ್ವಾ?"

"ಆಯ್ತು. ಫ್ಯಾಕ್ಟರಿ ಬಸ್ಸಲ್ಲೂ ಎಲ್ರೂ ಅದನ್ನೇ ಮಾತಾಡ್ತಾರೆ. ಮೊದ್ಲು ಸಿಟ್ಟು ಬಂತು. ಆಮೇಲೆ ನಿಮ್ಮನ್ನ ನೆನೆಸ್ಕೊಂಡು ನಗು ಬಂತು." ಒಂದು ಕಡಲೆಕಾಯಿ ಸುಲಿದು ಬೀಜವನ್ನು ಅಂಗೈಯಲ್ಲೇ ಇಟ್ಟುಕೊಂಡ. "ದೇವರ ಚಿತ್ತ ಅಂತ ಸುಮ್ನೆ ಬರೋಳ ಜೊತೆ ನಂಗೆ ಬಾಳೋಕಾಗಲ್ಲ. ನನ್ನನ್ನ ನೋಡಿ ಬರ್ಬೇಕು. ಇಷ್ಟ ಇಲ್ದಿದ್ರೆ ಹೇಳ್ಬಿಡಿ, ನಮ್ಮಕ್ಕಂಗೆ ನಾನೇ ಹೇಳ್ಕೋತೀನಿ."

"ಜೋರಾಗಿ ಮಾತಾಡಪ್ಪಾ, ಇಲ್ಲಿಗೆ ಕೇಳಿಸ್ತಿಲ್ಲ!" ಎಂದು ಆ ಬಂಡೆಯಿಂದ ಕೂಗು ಬಂತು. ಅವನು ನಿಜವಾಗಿಯೂ ಎದ್ದು ನಿಂತು, ತಾನು ಹೇಳಿದ್ದನ್ನೆಲ್ಲ ಅವರಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದ. ವಾಕಿಂಗಿಗೆ ಬಂದಿದ್ದ ಇಬ್ಬರು ಮುದುಕರೂ ನಿಂತು ಕೇಳಿಸಿಕೊಂಡರು. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅವನು ನನಗೆ ಇಷ್ಟವಾದ. ಆದರೆ ಅದನ್ನು ಅಲ್ಲಿ ಹೇಳಲಿಲ್ಲ. "ಮೊದ್ಲು ನಮ್ಮಪ್ಪ ಕೇಳ್ಬೇಕು. ಅವರು ಕೇಳ್ದೆ ಇದ್ರೆ ನನಗೆ ಯಾರ ಜೊತೆಗೂ ಮದುವೆ ಬೇಡ," ಅಂದೆ. ಅವನು ತಲೆಯಾಡಿಸಿ ಉಳಿದ ಕಡಲೆಕಾಯಿಯನ್ನು ನನಗೆ ಕೊಟ್ಟು ಮಲ್ಲೇಶ್ವರದ ಬಸ್ಸು ಹತ್ತಿದ.

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು ಹಿತ್ತಿಲಿನ ಬಿಸಿಲಿನಲ್ಲಿ ಕೂದಲು ಒಣಗಿಸುತ್ತ ಕೂತಿದ್ದೆ. ಒಳಗೆ ಅಮ್ಮ ಏನೋ ಕುಟ್ಟುತ್ತಿದ್ದಳು. ಸಂಜೆಯೊಳಗೆ ತಿಳಿಸಬೇಕೆಂದು ಅಯ್ಯನವರು ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು, ಬೆಳಗಿನಿಂದ ಯಾರೂ ಅದರ ಮಾತೆತ್ತಿರಲಿಲ್ಲ. ಆಗ ಅಪ್ಪ ಹಿತ್ತಿಲಿಗೆ ಬಂದರು. ಕಪ್ಪು ಕೋಟು ಹಾಕಿಕೊಂಡಿದ್ದರು, ಕಾಲಿಗೆ ಬೂಟು. ಶನಿವಾರ ಅವರು ಹಾಗೆ ಹೊರಡುವುದು ಯಾರದಾದರೂ ಸಾವಿಗೆ ಮಾತ್ರ. ಯಾರು ಹೋಗಿಬಿಟ್ಟರೋ ಎಂದು ನನಗೆ ಗಾಬರಿಯಾಯಿತು.

"ಒಂದು ಮಾತು ಕೇಳ್ಬೇಕಿತ್ತು," ಅಂದರು. ಪ್ರಾರ್ಥನೆ ಮಾಡಿಸುವಾಗ ಗುಡುಗುವ ದನಿ ಅವರದು. ಈಗ ಅದು ಗಂಟಲಿನಿಂದ ಮೇಲೇಳುತ್ತಿರಲಿಲ್ಲ. "ಆ ಹುಡುಗನ್ನ ಮದುವೆ ಆಗೋಕೆ ನಿನಗೆ ಇಷ್ಟ ಇದೆಯಾ?"

ಇದೇ ಮಾತಿಗೆ ನಾನು ಕಾದಿದ್ದೆ. ಇದಕ್ಕೆ ಚುರುಕಾದ ಉತ್ತರಗಳನ್ನು ಹೊಂಚಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಕೇಳುವವರೆಗೆ ಸಿಟ್ಟಿತ್ತು, ಕೇಳಿದ ಮೇಲೆ ಹೆದರಿಕೆಯಾಯಿತು. ಈಗ ಹೂಂ ಎಂದರೆ ನಾಳೆ ಏನಾದರೂ ಅಪ್ಪ ಮಾಡಿದ್ದು ಎನ್ನುವ ಹಾಗಿಲ್ಲ, ದೇವರು ಮಾಡಿದ್ದು ಎನ್ನುವ ಹಾಗಿಲ್ಲ.

"ಇಲ್ಲ ಅಂದ್ರೆ?" ಅಂದೆ.

"ಇಲ್ಲ ಅಂದ್ರೆ ಇಲ್ಲ."

"ಆಗ ದೇವರ ಚಿತ್ತ ಏನಾಗತ್ತೆ?"

"ಅದನ್ನ ದೇವರು ನೋಡ್ಕೋತಾನೆ. ನಾನು ಕೇಳ್ತಿರೋದು ನಿನ್ನನ್ನ."

ಒಳಗೆ ಕುಟ್ಟುವ ಸದ್ದು ನಿಂತಿತ್ತು. ಅಪ್ಪ ಕೂರಲಿಲ್ಲ, ನನ್ನನ್ನು ಅವಸರಪಡಿಸಲೂ ಇಲ್ಲ. ಬಿಸಿಲಿಗೆ ಅವರ ಹಣೆಯಲ್ಲಿ ಬೆವರು ಬಂದಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ನಾನು ಆ ಹುಡುಗನನ್ನು ನೆನೆಸಿಕೊಂಡೆ, ನನ್ನನ್ನು ನೆನೆಸಿಕೊಂಡೆ, ಬೇಕಾದಷ್ಟು ಹೊತ್ತು ತೆಗೆದುಕೊಂಡೆ.

"ಇಷ್ಟ ಇದೆ ಅಪ್ಪಾ."

"ನನಗೋಸ್ಕರ ಹೇಳ್ಬೇಡ."

"ನಿಮಗೋಸ್ಕರ ನಾನು ಯಾವತ್ತು ಏನು ಹೇಳಿದೀನಿ?"

ಅಪ್ಪ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು. ಕೋಟು ಬಿಚ್ಚಿ ಒದ್ದೆ ಬಟ್ಟೆಗಳ ಪಕ್ಕದಲ್ಲಿ ಹಗ್ಗದ ಮೇಲೆ ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಎಲ್ಲಿಗೋ ಹೊರಟಿದ್ರಲ್ಲ, ಹೋಗಲ್ವಾ?" ಅಂದೆ.

"ಒಪ್ಪಿದ ಸುದ್ದಿ ಹೇಳೋಕೆ ಕೋಟು ಬೂಟು ಬೇಡ, ಸಂಜೆ ಹೋದ್ರಾಯ್ತು. ನೀನು ಬೇಡ ಅಂದ್ರೆ ಹಾಗೇ ಅಯ್ಯನವರ ಮನೆಗೆ ಹೋಗಿ ಮದುವೆ ಇಲ್ಲ ಅಂತ ಹೇಳಿ ಬರೋಣ ಅಂತ ರೆಡಿಯಾಗಿ ಬಂದಿದ್ದೆ," ಎಂದರು ಅಪ್ಪ, ಬೂಟಿನ ಲೇಸು ಬಿಚ್ಚುತ್ತ.